ಕಳ್ಳ ಹೋದ ಮೇಲೆ ಮನೆಯವರೇ ಮಾಡಿಕೊಳ್ಳುವ ನಷ್ಟ

ಬೀಗ ಮುರಿದಿರುವುದನ್ನು ಕಂಡವರು ಸೀದಾ ಬೀರುವಿನ ಹತ್ತಿರ ಓಡುತ್ತಾರೆ. ಬೇಡ. ಒಳಗೆ ಇನ್ನೂ ಯಾರಾದರೂ ಇರಬಹುದು. ಹೊರಗೇ ನಿಂತು 112ಕ್ಕೆ ಕರೆ ಮಾಡಿ. ಮಂಚದ ಮೇಲೆ ಕಿತ್ತೆಸೆದ ಸೀರೆ, ಕೆದಕಿದ ಒಳಬಟ್ಟೆ, ದೇವರ ಕೋಣೆಯಲ್ಲಿ ಚೆಲ್ಲಿದ ಕುಂಕುಮ ನೋಡಿದರೆ ಹೇಸಿಗೆಯಾಗಿ ಎಲ್ಲ ತೊಳೆದುಬಿಡೋಣ ಅನಿಸುತ್ತದೆ. ತೊಳೆದರೆ ಬೆರಳಚ್ಚೂ ಹೋಯಿತು. ಪೊಲೀಸರು ಸ್ಥಳ ನೋಡಿ ಬರೆದುಕೊಳ್ಳುವ ಮಹಜರು ಮುಗಿಯುವ ತನಕ ನೆಂಟರನ್ನೂ ಒಳಗೆ ಬಿಡಬೇಡಿ.

ಆಘಾತದಲ್ಲಿ ಏನೇನು ಹೋಯಿತೆಂಬುದು ಒಮ್ಮೆಗೇ ನೆನಪಾಗುವುದಿಲ್ಲ. ವಾರ ಕಳೆದು ಬೆಳ್ಳಿ ದೀಪ ಕಾಣದಾಗ ಅಳು ಬರುವುದುಂಟು. ಅದಕ್ಕೇ ದೂರಿನಲ್ಲಿ ‘ಇನ್ನೂ ಪರಿಶೀಲಿಸುತ್ತಿದ್ದೇವೆ’ ಎಂದು ಬರೆಯಿರಿ, ನೆನಪಾದದ್ದನ್ನು ಆಮೇಲೆ ಬರಹದಲ್ಲೇ ಕೊಡಿ. ರಸೀದಿ ಇಲ್ಲದ ಒಡವೆಗೆ ಮದುವೆ ಫೋಟೊ ನೆರವಾಗುತ್ತದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ಅತಿ ಹೆಚ್ಚು ಮನೆ ಕೆಡಿಸುವುದು ಅನುಮಾನ. ಯಾರೋ ಅಂಜನ ಹಾಕಿಸಿ ಎನ್ನುತ್ತಾರೆ. ಅಂಜನದವನು ‘ಗೊತ್ತಿದ್ದವರೇ, ಮನೆಗೆ ಬಂದು ಹೋಗುವ ಹೆಂಗಸು’ ಎಂದರೆ ಸಾಕು, ಕೆಲಸದವಳ ಮೇಲೆ ಕಣ್ಣು. ಆ ಮಾತು ಯಾವ ಮನೆಗಾದರೂ ಹೊಂದುತ್ತದೆ ಅನ್ನುವುದು ಆಗ ಹೊಳೆಯುವುದೇ ಇಲ್ಲ. ಅನುಮಾನವಿದ್ದರೆ ತನಿಖಾಧಿಕಾರಿಗೆ ಮಾತ್ರ ಹೇಳಿ. ಬೀದಿಗೆ ಬಿದ್ದ ಹೆಸರನ್ನು ವಾಪಸ್ ತರಲಾಗದು. ಇನ್ನು ಸಮಾಧಾನ ಹೇಳಲು ಬಂದವರು ‘ಲಾಕರ್‌ನಲ್ಲಿ ಇಡೋಕೆ ಏನಾಗಿತ್ತು?’ ಅನ್ನುತ್ತಾರೆ. ಒಡವೆ ಕಳೆದುಕೊಂಡ ಹೆಂಗಸು ಆ ಮಾತನ್ನು ದಿನಕ್ಕೆ ಹತ್ತು ಬಾರಿ ಕೇಳಬೇಕು. ಹೀಗೆ ಬಂದವರನ್ನು ಬಾಗಿಲಲ್ಲೇ ಮನೆಯ ಇನ್ನೊಬ್ಬರು ಮಾತಾಡಿಸಿ ಕಳಿಸಲಿ.

ಮಹಜರು ಆದ ದಿನವೇ ಬಾಗಿಲು ರಿಪೇರಿ ಆಗಬೇಕು. ಒಮ್ಮೆ ನುಗ್ಗಿದ ಮನೆಗೆ ಕೆಲವೇ ವಾರಗಳಲ್ಲಿ ಮತ್ತೆ ನುಗ್ಗುವುದುಂಟು. ಎಷ್ಟೋ ಕಡೆ ಬೀಗ ಗಟ್ಟಿಯೇ ಇರುತ್ತದೆ, ಕಿತ್ತು ಬರುವುದು ಚಿಕ್ಕ ಸ್ಕ್ರೂ ಹಾಕಿದ ಕೊಂಡಿ. ಚೌಕಟ್ಟಿನ ಮರಕ್ಕೆ ಆಳವಾಗಿ ಇಳಿಯುವ ಉದ್ದ ಸ್ಕ್ರೂ ಹಾಕಿಸಿ. ಹೊರಗೆ ನೇತಾಡುವ ಬೀಗದ ಬದಲು ಬಾಗಿಲೊಳಗೆ ಕೂರುವ ಲಾಕ್ ಇದ್ದರೆ ಮನೆ ಖಾಲಿಯೆಂದು ದಾರಿಹೋಕರಿಗೆ ತಿಳಿಯದು.

ರಾತ್ರಿ ಸಣ್ಣ ಸದ್ದಿಗೂ ಬೆಚ್ಚುವುದು, ಚಿಲಕವನ್ನು ಮತ್ತೆ ಮತ್ತೆ ನೋಡುವುದು ಮೊದಮೊದಲು ಸಹಜ. ಮಲಗುವ ಮುನ್ನ ಒಬ್ಬರೇ, ಒಂದೇ ಸಲ ಎಲ್ಲ ಬಾಗಿಲು ನೋಡುವ ಪದ್ಧತಿ ಇಟ್ಟುಕೊಳ್ಳಿ. ಎದ್ದೆದ್ದು ನೋಡಿದಷ್ಟೂ ಭಯ ಬಲಿಯುತ್ತದೆ. ಮಕ್ಕಳು ‘ಕಳ್ಳ ಮತ್ತೆ ಬರ್ತಾನಾ?’ ಎಂದರೆ ಬಾಯಿ ಮುಚ್ಚಿಸದೆ ಹೊಸ ಲಾಕ್ ತೋರಿಸಿ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಒಬ್ಬರೇ ಮನೆಯಲ್ಲಿರಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಪೆಟ್ಟು ತಿಂಗಳುಗಳ ನಂತರ: ಕಳ್ಳ ಪತ್ತೆಯಾಗದಿದ್ದರೆ ಠಾಣೆಯವರು ‘ಸಿ ರಿಪೋರ್ಟ್’, ಅಂದರೆ ಆರೋಪಿ ಪತ್ತೆಯಾಗಲಿಲ್ಲ ಎಂಬ ವರದಿ, ಹಾಕುತ್ತಾರೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 193ನೇ ಸೆಕ್ಷನ್ ಹೇಳುತ್ತದೆ. ಒಡವೆ ಸಿಕ್ಕರೂ ಅದು ಕೋರ್ಟಿನ ವಶ. ಬಿಡಿಸಿಕೊಳ್ಳಲು ಅರ್ಜಿ ಹಾಕಬೇಕು, ಕೋರ್ಟ್ ಕೇಳಿದಾಗ ತಂದು ತೋರಿಸುತ್ತೇವೆಂದು ಬಾಂಡ್ ಬರೆದುಕೊಡಬೇಕು. ಗುರುತು ಹಿಡಿಯಲು ಠಾಣೆಗೆ ಕರೆದ ದಿನ ಅಮ್ಮನನ್ನೋ ಅಜ್ಜಿಯನ್ನೋ ಒಬ್ಬರನ್ನೇ ಕಳಿಸಬೇಡಿ.