ಕುಲುಮೆಗೆ ಯಾವ ಬ್ಲೋವರ್? ದಾವಣಗೆರೆ ಪೇಟೆಯ ಮೂರು ಬಗೆಗಳ ವಿಮರ್ಶೆ, ಜೊತೆಗೆ ಒಲೆ ಕಟ್ಟುವ ಕ್ರಮ

ಹಿತ್ತಲಲ್ಲಿ ಚಿಕ್ಕ ಕುಲುಮೆ ಹಾಕಿ ಕಬ್ಬಿಣ ಬಡಿಯುವುದನ್ನು ಕಲಿಯಬೇಕೆನ್ನುವವರು ಮೊದಲು ಕೇಳುವುದು ಒಲೆಯನ್ನು ಯಾವುದರಲ್ಲಿ ಕಟ್ಟಬೇಕು ಎಂದು. ಕೇಳಬೇಕಾದದ್ದು ಗಾಳಿಯ ಬಗ್ಗೆ. ಒಲೆ ಮಣ್ಣಿನದು, ಕೆಟ್ಟರೆ ಮತ್ತೆ ಮೆತ್ತಬಹುದು. ಗಾಳಿ ಹದವಾಗಿ ಸಿಗದಿದ್ದರೆ ಮಾತ್ರ ಎಂಥ ಒಲೆಯಿದ್ದರೂ ಕಬ್ಬಿಣ ಕೆಂಪಿನಲ್ಲೇ ನಿಂತುಬಿಡುತ್ತದೆ, ಇಲ್ಲವೇ ಕಿಡಿ ಹಾರಿಸಿ ಸುಟ್ಟುಹೋಗುತ್ತದೆ. ಹಾಗಾಗಿ ಹಣದ ದೊಡ್ಡ ಪಾಲು ಬ್ಲೋವರ್‌ಗೆ ಹೋಗಲಿ, ಉಳಿದದ್ದೆಲ್ಲ ಗುಜರಿಯಿಂದ ಬರಲಿ.

ಮಂಡಿಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿದರೆ ಮೂರು ಬಗೆ ತೋರಿಸುತ್ತಾರೆ: ಗೇರಿರುವ ಕೈ ಬ್ಲೋವರ್, ಮೆಷಿನ್ನಿನ ದೂಳು ಊದುವ ಕರೆಂಟ್ ಬ್ಲೋವರ್, 12 ವೋಲ್ಟಿನ ಸಣ್ಣ ಒಲೆ ಫ್ಯಾನ್. ಚಿತ್ರದುರ್ಗದಲ್ಲೂ ಇವೇ ಸಿಗುತ್ತವೆ. ಕಲಿಯುವವರಿಗೆ ಮೊದಲನೆಯದೇ ಸರಿ.

ಕೈ ಬ್ಲೋವರ್ ಎಂದರೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿದ ಗೂಡು, ಅದರೊಳಗೆ ರೆಕ್ಕೆ, ಪಕ್ಕದಲ್ಲಿ ಗೇರು ಪೆಟ್ಟಿಗೆ, ಒಂದು ಹಿಡಿ. ನೋಡಲು ಎಲ್ಲವೂ ಒಂದೇ ಥರ ಇರುತ್ತವೆ, ಗುಣದಲ್ಲಿ ಅಜಗಜಾಂತರ. ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಿ, ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ. ರೆಕ್ಕೆಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಹಿಡಿಯನ್ನು ಕಾಲು ಸುತ್ತು ಮಾತ್ರ ನಿಧಾನಕ್ಕೆ ತಿರುಗಿಸಿ, ಗುರುತು ಎಷ್ಟು ಸಲ ಹಾದುಹೋಯಿತೆಂದು ಎಣಿಸಿ, ನಾಲ್ಕರಿಂದ ಗುಣಿಸಿ. 40ರ ಆಸುಪಾಸು ಬಂದರೆ ಒಳ್ಳೆಯ ಮಾಲು. ನಿಮಿಷಕ್ಕೆ 50 ಸುತ್ತು ಆರಾಮಾಗಿ ತಿರುಗಿಸಿದರೂ ರೆಕ್ಕೆ 2,000 ಸುತ್ತು ಓಡುತ್ತದೆ. 20 ಸೆಂ.ಮೀ. ಅಗಲದ ರೆಕ್ಕೆಗೆ ಅಷ್ಟು ವೇಗ ಸಾಕು. 20ಕ್ಕಿಂತ ಕಡಿಮೆ ಬಂದರೆ ಬೇಡವೇ ಬೇಡ. ರೆಕ್ಕೆಯ ವೇಗ ಅರ್ಧಕ್ಕಿಳಿದರೆ ಗಾಳಿಯ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ. ಆ ಕೊರತೆಯನ್ನು ತುಂಬಲು ನಿಮ್ಮ ರಟ್ಟೆ ದುಡಿಯಬೇಕಾಗುತ್ತದೆ, ಸುತ್ತಿಗೆ ಹಿಡಿಯುವ ಹೊತ್ತಿಗೆ ಕೈ ಸೋತಿರುತ್ತದೆ.

ಆಮೇಲೆ ಜೋರಾಗಿ ತಿರುಗಿಸಿ ಹಿಡಿ ಬಿಟ್ಟುಬಿಡಿ. ಒಳ್ಳೆಯದಾದರೆ ರೆಕ್ಕೆ ಕೆಲವು ಸೆಕೆಂಡು ತಾನೇ ತಿರುಗಿ ನಿಲ್ಲುತ್ತದೆ. ಬಿಟ್ಟ ಕೂಡಲೇ ಗಕ್ಕನೆ ನಿಂತರೆ ಒಳಗೆ ಗೇರು ಬಿಗಿಯಾಗಿದೆ ಅಥವಾ ಹಳೇ ಗ್ರೀಸು ಗಟ್ಟಿಯಾಗಿದೆ. ರೆಕ್ಕೆಯ ಅಚ್ಚನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಬುಷ್ ಸವೆದಿದೆ, ಇಂದಲ್ಲ ನಾಳೆ ರೆಕ್ಕೆ ಗೂಡಿಗೆ ಉಜ್ಜುತ್ತದೆ. ಬುಷ್ ಬದಲು ಬಾಲ್ ಬೇರಿಂಗ್ ಹಾಕಿರುವುದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ. ಗೂಡು ದಪ್ಪ ಎರಕದ್ದಾಗಿರಲಿ. ತೆಳು ತಗಡಿನದಾದರೆ ಬೋಲ್ಟು ಬಿಗಿಯುವಾಗಲೇ ಸೊಟ್ಟಗಾಗುತ್ತದೆ. ಹಳೇ ಮಾಲು ಸಿಕ್ಕರೆ ಗೇರು ಪೆಟ್ಟಿಗೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬೈಕಿಗೆ ಹಾಕುವ 20ಡಬ್ಲ್ಯು-40 ಎಂಜಿನ್ ಆಯಿಲ್ ಹಾಕಿ. ಕೆಳಗಿನ ಗೇರಿನ ಹಲ್ಲು ಮುಳುಗಿದರೆ ಸಾಕು, ಹೆಚ್ಚಾದರೆ ಅಚ್ಚಿನ ಸಂದಿಯಿಂದ ಸುರಿಯುತ್ತದೆ. ಗ್ರೀಸು ತುಂಬಬೇಡಿ.

ಕರೆಂಟ್ ಬ್ಲೋವರ್ 500–600 ವ್ಯಾಟಿನದು, ಸ್ಪೀಡ್ ಡಯಲ್ ಇರುವಂಥದ್ದು ಸುಲಭವಾಗಿ ಸಿಗುತ್ತದೆ. ದೋಷ ಅದರ ಶಕ್ತಿಯಲ್ಲೇ ಇದೆ: ಚಿಕ್ಕ ಕುಲುಮೆಗೆ ಅದರ ಗಾಳಿ ವಿಪರೀತ. ಕನಿಷ್ಠ ವೇಗದಲ್ಲಿಟ್ಟರೂ ಇದ್ದಿಲು ಮೇಲಕ್ಕೆ ಚಿಮ್ಮುತ್ತದೆ, ಕಬ್ಬಿಣದ ಮೇಲೆ ಪೊರೆ ದಪ್ಪವಾಗಿ ಏಳುತ್ತದೆ. ಬಳಸಲೇಬೇಕಾದರೆ ಅದರ ಮೂತಿಗೂ ಪೈಪಿಗೂ ನಡುವೆ 5–8 ಸೆಂ.ಮೀ. ಜಾಗ ಬಿಡಿ, ಹೆಚ್ಚಿನ ಗಾಳಿ ಪಕ್ಕಕ್ಕೆ ಹೋಗಲಿ. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಜೋಡಿಸಿ ವೇಗ ತಗ್ಗಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಆ ರೆಗ್ಯುಲೇಟರ್ ಇಷ್ಟು ವ್ಯಾಟಿಗೆ ಮಾಡಿದ್ದಲ್ಲ, ಸುಡುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನೀವು ಅಡಿಗಲ್ಲಿನ (ಕಾದ ಕಬ್ಬಿಣವನ್ನಿಟ್ಟು ಬಡಿಯುವ ದಿಮ್ಮಿ) ಮೇಲೆ ಬಡಿಯುತ್ತಿರುವಾಗಲೂ ಇದು ಊದುತ್ತಲೇ ಇರುತ್ತದೆ, ಇದ್ದಿಲು ಸುಮ್ಮನೆ ಉರಿದುಹೋಗುತ್ತದೆ, ಬೆಂಕಿಯಲ್ಲಿಟ್ಟ ಎರಡನೇ ತುಂಡು ಸುಟ್ಟಿರುತ್ತದೆ. ಕೈ ಬ್ಲೋವರ್‌ನಲ್ಲಿ ಕೈ ನಿಂತರೆ ಗಾಳಿಯೂ ನಿಲ್ಲುತ್ತದೆ. ಬೆಂಕಿಯ ಬಣ್ಣ ನೋಡುತ್ತಾ ಗಾಳಿ ಕೊಡುವ ಅಭ್ಯಾಸ ಅಲ್ಲಿಂದಲೇ ಬರುತ್ತದೆ. ತಿದಿ ಒತ್ತಿ ಕಲಿತ ಕಮ್ಮಾರರ ಕಣ್ಣು ಅಷ್ಟು ಸೂಕ್ಷ್ಮವಾಗಿರುವುದಕ್ಕೆ ಇದೇ ಕಾರಣ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ ಎಂಬುದನ್ನು ಹಳ್ಳಿಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

12 ವೋಲ್ಟಿನ ಫ್ಯಾನ್ ಅಡುಗೆ ಒಲೆಗೆ ಸರಿ. ಇದ್ದಿಲಿನ ರಾಶಿಯನ್ನು ಭೇದಿಸುವ ಒತ್ತಡ ಅದರಲ್ಲಿಲ್ಲ, ಪ್ಲಾಸ್ಟಿಕ್ ಗೂಡಾದರೆ ಬಿಸಿಗೆ ಮೆತ್ತಗಾಗುತ್ತದೆ. ಮೊಳೆ, ತೆಳು ಸರಳು ಕಾಯಿಸಲು ಆದೀತು, ಅಷ್ಟೇ.

ಇನ್ನು ಒಲೆ. ಪಿ.ಬಿ. ರಸ್ತೆಯ ಲಾರಿ ಗ್ಯಾರೇಜುಗಳ ಕಡೆ ಹಳೇ ಬ್ರೇಕ್ ಡ್ರಮ್ ತೂಕಕ್ಕೆ ಸಿಗುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಲಾರಿಯದು ಬೇಡ. ತೀರ ಭಾರ, ತೀರ ಆಳ. ಆಳ ಹೆಚ್ಚಾದಷ್ಟೂ ಉದ್ದದ ಸರಳನ್ನು ಬೆಂಕಿಯ ನಡುವೆ ಅಡ್ಡಲಾಗಿ ಇಡಲಾಗದು, ಓರೆಯಾಗಿ ಇಟ್ಟರೆ ತುದಿ ಗಾಳಿಯ ಬಾಯಿಗೇ ಹೋಗುತ್ತದೆ. ಸಣ್ಣ ಟೆಂಪೊದ ಡ್ರಮ್ ಆದೀತು. ಅದು ಎರಕದ ಕಬ್ಬಿಣ, ಸಾಮಾನ್ಯ ವೆಲ್ಡಿಂಗ್ ನಿಲ್ಲುವುದಿಲ್ಲ, ಬೋಲ್ಟು ಹಾಕಿಯೇ ಜೋಡಿಸಬೇಕು. ಕಾದಿರುವಾಗ ನೀರು ಬಿದ್ದರೆ ಸೀಳುತ್ತದೆ.

ಅದಕ್ಕಿಂತ ಅಗ್ಗದ್ದು, ನಮ್ಮ ಮಟ್ಟಿಗೆ ಅದಕ್ಕಿಂತ ಒಳ್ಳೆಯದು, ಗಾರೆ ಹೊರುವ ಕಬ್ಬಿಣದ ಬಾಂಡ್ಲಿ. ಅದರೊಳಗೆ 4–5 ಸೆಂ.ಮೀ. ದಪ್ಪಕ್ಕೆ ಮಣ್ಣು ಮೆತ್ತಿ, ಮೇಲೆ 25 ಸೆಂ.ಮೀ., ತಳದಲ್ಲಿ 10 ಸೆಂ.ಮೀ. ಅಗಲ, 10–12 ಸೆಂ.ಮೀ. ಆಳದ ಗುಳಿ ಮಾಡಿ. ಆಳ ಸಾಲದಿದ್ದರೆ ಅಂಚಿನ ಮೇಲೆ ಇಟ್ಟಿಗೆ ಚೂರುಗಳನ್ನಿಟ್ಟು ಮಣ್ಣಿನಿಂದಲೇ ಏರಿಸಿ.

ಮಣ್ಣಿನ ವಿಷಯದಲ್ಲಿ ಎಚ್ಚರ. ನಮ್ಮ ಹೊಲಗಳ ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ಅದು ಒಲೆಗೆ ಆಗದು. ಕೆಂಪು ಜೇಡಿ ಅಥವಾ ಹುತ್ತದ ಮಣ್ಣು ತನ್ನಿ. ಪೂಜೆ ಮಾಡುವ ಹುತ್ತವನ್ನು ಮುಟ್ಟಬೇಡಿ, ಹೊಲದ ಬದುವಿನಲ್ಲಿ ಬಿದ್ದ ಹುತ್ತದ್ದು ಸಾಕು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಭತ್ತದ ಹೊಟ್ಟು. ರೈಸ್ ಮಿಲ್ಲುಗಳಿರುವ ಊರಿನಲ್ಲಿ ಹೊಟ್ಟಿಗೇನು ಬರ? ಹೊಟ್ಟು ಒಣಗುವಾಗ ಬಿರುಕನ್ನು ತಡೆಯುತ್ತದೆ. ಉರಿದ ಮೇಲೆ ಅದರ ಸಿಲಿಕಾ ಅಲ್ಲೇ ಉಳಿದು, ಸಣ್ಣ ಸಣ್ಣ ರಂಧ್ರಗಳಾಗಿ ಬಿಸಿಯನ್ನು ಹಿಡಿದಿಡುತ್ತದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಿಂದೆ ಉಕ್ಕು ತಯಾರಿಸುತ್ತಿದ್ದ ಮೂಸೆಗಳ (ಲೋಹ ಕರಗಿಸುವ ಮಣ್ಣಿನ ಪಾತ್ರೆ) ಚೂರುಗಳು ಸಿಕ್ಕಿವೆ. ಆ ಮೂಸೆಗಳ ಮಣ್ಣಿನಲ್ಲೂ ಭತ್ತದ ಹೊಟ್ಟನ್ನೇ ಬೆರೆಸಿದ್ದರು. ಉಕ್ಕು ಕರಗುವ ಬಿಸಿಯನ್ನು ತಾಳಿದ ಮಿಶ್ರಣದ ಜಾಡು ಇದು, ನಮ್ಮ ಚಿಕ್ಕ ಒಲೆಗೆ ಧಾರಾಳವಾಯಿತು.

ಮಣ್ಣು ಉಂಡೆ ಕಟ್ಟುವಷ್ಟೇ ನೀರು ಹಾಕಿ, ಮೆತ್ತಿದ ಮೇಲೆ ನೆರಳಿನಲ್ಲಿ ಏಳೆಂಟು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಸೀಳು ಬಿಡುತ್ತದೆ. ಮೊದಲ ಬೆಂಕಿ ಪುರಲೆಯದು, ಗಾಳಿ ಕೊಡದೆ ಒಂದು ಗಂಟೆ. ಒಳಗಿನ ತೇವ ಆವಿಯಾಗಿ ಹೋಗಲಿ, ಅವಸರ ಮಾಡಿದರೆ ಮಣ್ಣು ಸಿಡಿದು ಚಕ್ಕೆ ಏಳುತ್ತದೆ. ಸಣ್ಣ ಬಿರುಕುಗಳಿಗೆ ಅದೇ ಮಣ್ಣಿನ ತೆಳು ರಾಡಿ ಬಳಿಯಿರಿ. ಸಿಮೆಂಟ್ ಕಾಂಕ್ರೀಟ್, ಚಪ್ಪಡಿ ಕಲ್ಲು, ಹೊಳೆಯ ಗುಂಡುಕಲ್ಲು ಬೆಂಕಿಯ ಹತ್ತಿರ ಎಲ್ಲೂ ಬೇಡ. ಕಾದರೆ ಸಿಡಿಯುತ್ತವೆ, ಚೂರು ಕಣ್ಣಿಗೆ ಬರುತ್ತದೆ.

ಗಾಳಿಯ ಪೈಪು ಒಂದು ಇಂಚಿನ ಕಪ್ಪು ಎಂ.ಎಸ್. (ಮೈಲ್ಡ್ ಸ್ಟೀಲ್, ಮೃದು ಉಕ್ಕು) ಪೈಪು, ಸುಮಾರು ಒಂದು ಮೀಟರ್ ಉದ್ದ. ಪ್ಲಂಬಿಂಗ್ ಅಂಗಡಿಯವರು ಜಿ.ಐ. ಕೊಡಲು ಬರುತ್ತಾರೆ, ತೆಗೆದುಕೊಳ್ಳಬೇಡಿ. ಅದರ ಸತುವಿನ ಲೇಪ ಕಾದು ಬರುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಹಿಡಿಯುತ್ತದೆ. ಪೈಪು ಬಾಂಡ್ಲಿಯ ಪಕ್ಕದಿಂದ, ಗುಳಿಯ ತಳಕ್ಕಿಂತ 5 ಸೆಂ.ಮೀ. ಮೇಲೆ ಒಳಕ್ಕೆ ಬರಲಿ, ಬೆಂಕಿಯ ಕಡೆಗೆ ತುಸುವೇ ಇಳಿಜಾರಿರಲಿ. ಇಲ್ಲದಿದ್ದರೆ ಬೂದಿ ಕರಗಿ ಆಗುವ ಕಿಟ್ಟ ಪೈಪಿನೊಳಗೆ ಹರಿದು ಕಟ್ಟುತ್ತದೆ. ತುದಿ ನಿಧಾನಕ್ಕೆ ಸುಟ್ಟು ಸವೆಯುತ್ತದೆ, ಅದಕ್ಕೇ ಉದ್ದ ಹೆಚ್ಚಿಟ್ಟು ಆಗಾಗ ಒಳಕ್ಕೆ ತಳ್ಳುತ್ತಾ ಹೋಗಬೇಕು. ಬ್ಲೋವರ್ ಬೆಂಕಿಯಿಂದ ಕನಿಷ್ಠ 60 ಸೆಂ.ಮೀ. ದೂರ. ಜೋಡಣೆಯ ಸಂದಿಗಳಿಗೆ ಒದ್ದೆ ಜೇಡಿ ಮೆತ್ತಿ. ಗಾಳಿ ಅಲ್ಲಿಂದ ಸೋರಿದರೆ ಎಷ್ಟು ತಿರುಗಿಸಿದರೂ ಬಣ್ಣ ಏರದು. ಸ್ಟ್ಯಾಂಡನ್ನು 40 ಮಿ.ಮೀ. ಆಂಗಲ್‌ನಲ್ಲಿ ಮಾಡಿಸಿ, ಒಲೆಯ ಅಂಚು ಸೊಂಟದ ಮಟ್ಟಕ್ಕೆ, ಅಂದರೆ 75–80 ಸೆಂ.ಮೀ. ಎತ್ತರಕ್ಕೆ ಬರಲಿ.

ಇಂಧನದಲ್ಲಿ ಹೊಸಬರಿಗೆ ಇದ್ದಿಲೇ ಸರಿ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ, ಹೊರಗಿನಿಂದ ಬರುವ ಕಲ್ಲಿದ್ದಲಿನಲ್ಲಿ ನೂರಕ್ಕೆ 30–40 ಭಾಗ ಬೂದಿಯಾಗುವುದು ಸಾಮಾನ್ಯ. ಅಷ್ಟೂ ಬೂದಿ ಕರಗಿ ಕಿಟ್ಟವಾಗಿ ಗಾಳಿಯ ಬಾಯಿ ಮುಚ್ಚುತ್ತದೆ, ಅರ್ಧ ಗಂಟೆಗೊಮ್ಮೆ ಕೊಕ್ಕೆ ಹಾಕಿ ಎಳೆಯಬೇಕು. ಗಂಧಕದ ಹೊಗೆಗೆ ಅಕ್ಕಪಕ್ಕದ ಮನೆಯವರೂ ಸುಮ್ಮನಿರುವುದಿಲ್ಲ. ಕಲ್ಲಿದ್ದಲೇ ಬೇಕೆಂದರೆ ಗಾಳಿ ಕೆಳಗಿನಿಂದ ಬರಬೇಕು: ಎರಡು ಇಂಚಿನ ಟೀ (T ಆಕಾರದ) ಪೈಪು, ಮೇಲೆ 8–10 ಮಿ.ಮೀ. ತೂತುಗಳ ದಪ್ಪ ತಗಡು, ಕೆಳಗೆ ಬೂದಿ ಇಳಿಸಲು ತೆರೆಯುವ ಮುಚ್ಚಳ. ಗಾಳಿ ನಿಲ್ಲಿಸಿದಾಗ ಆ ಮುಚ್ಚಳ ತೆರೆದಿಡಿ. ಇಲ್ಲದಿದ್ದರೆ ಕಲ್ಲಿದ್ದಲಿನ ಅನಿಲ ಪೈಪಿನಲ್ಲಿ ತುಂಬಿ, ಮತ್ತೆ ತಿರುಗಿಸಿದೊಡನೆ ಢಮ್ಮೆನ್ನುತ್ತದೆ. ಫೌಂಡ್ರಿಯವರ ಹಾರ್ಡ್ ಕೋಕ್ ಕೈ ಬ್ಲೋವರ್‌ಗೆ ಹೊಂದುವುದಿಲ್ಲ, ಗಾಳಿ ನಿಂತ ಸ್ವಲ್ಪ ಹೊತ್ತಿಗೇ ಆರುತ್ತದೆ.

ಚಳ್ಳಕೆರೆ, ಹಿರಿಯೂರು ಸೀಮೆಯ ಬಳ್ಳಾರಿ ಜಾಲಿಯ ಇದ್ದಿಲು ಗಟ್ಟಿ, ಬಿಸಿ ಜೋರು. ತೆಂಗಿನ ಚಿಪ್ಪಿನ ಇದ್ದಿಲೂ ಚೆನ್ನ. ಯಾವುದಾದರೂ 2–3 ಸೆಂ.ಮೀ. ತುಂಡು ಮಾಡಿ, ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ. ದೊಡ್ಡ ತುಂಡುಗಳ ನಡುವೆ ಗಾಳಿ ಸುಮ್ಮನೆ ಹಾದುಹೋಗುತ್ತದೆ, ಪುಡಿ ಗಾಳಿಯನ್ನೇ ಕಟ್ಟುತ್ತದೆ. ಈ ಅಳತೆಯ ಒಲೆಗೆ ಗಂಟೆಗೆ 2–3 ಕೆ.ಜಿ. ಬೇಕಾಗುತ್ತದೆ.

ಪೈಪಿನ ಬಾಯಿಯ ಮೇಲೆ 10–15 ಸೆಂ.ಮೀ. ಇದ್ದಿಲು ಇರಲೇಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಇದ್ದಿಲು ಕಡಿಮೆಯಾದರೆ ಗಾಳಿಯ ಆಮ್ಲಜನಕ ಪೂರ್ತಿ ಉರಿಯದೆ ಕಬ್ಬಿಣಕ್ಕೇ ತಗಲಿ ಪೊರೆ ಏಳಿಸುತ್ತದೆ. ಸರಳನ್ನು ರಾಶಿಯ ನಡು ಎತ್ತರದಲ್ಲಿ ಅಡ್ಡಲಾಗಿಡಿ, ಮೇಲೂ ಇದ್ದಿಲು ಮುಚ್ಚಿ. ಒಂದೇ ಮಗ್ಗುಲು ಕಾಯುತ್ತಿದ್ದರೆ ತಿರುವಿ ಹಾಕಿ, ಗಾಳಿ ತಗ್ಗಿಸಿ. ಸುಮಾರು 1,000–1,100 ಡಿಗ್ರಿಯ ಕಿತ್ತಳೆ ಬಣ್ಣದಲ್ಲಿ ಬಡಿಯಲು ಶುರುಮಾಡಿ, ಮಂಕು ಕೆಂಪಿಗೆ ಇಳಿದಾಗ ನಿಲ್ಲಿಸಿ ಮತ್ತೆ ಬೆಂಕಿಗಿಡಿ. ಬಿಳಿಗೆ ತಿರುಗಿ ಕಿಡಿ ಸಿಡಿದರೆ ಆ ಭಾಗ ಸುಟ್ಟಿದೆ. ಕತ್ತರಿಸಿ ಬಿಸಾಡುವುದೇ ದಾರಿ, ಯಾವ ಹದವೂ ಅದನ್ನು ಸರಿಮಾಡದು.

ಮೊದಲ ಅಭ್ಯಾಸಕ್ಕೆ 10–12 ಮಿ.ಮೀ. ಎಂ.ಎಸ್. ಸರಳು. ಕುಡುಗೋಲು, ಮಚ್ಚಿನ ಆಸೆಯಿಂದ ಲಾರಿಯ ಕಮಾನ್ ಪಟ್ಟಿಗೆ ಕೈಹಾಕುವುದು ಆಮೇಲೆ. ಅದನ್ನು ಆಯಸ್ಕಾಂತ ಹಿಡಿಯದಷ್ಟು, ಅಂದರೆ 770 ಡಿಗ್ರಿ ದಾಟಿ ಇನ್ನೂ ತುಸು ಮೇಲಕ್ಕೆ ಕಾಯಿಸಿ ಎಣ್ಣೆಯಲ್ಲೇ ಅದ್ದಬೇಕು, ನೀರಿಗೆ ಅದ್ದಿದರೆ ಸೀಳುವ ಅಪಾಯ ಹೆಚ್ಚು. ಎರಡೂ ಕಡೆ ಮುಚ್ಚಿದ ಪೈಪು, ಹಳೇ ಶಾಕ್ ಅಬ್ಸಾರ್ಬರ್ ಇವನ್ನು ಯಾವತ್ತೂ ಬೆಂಕಿಗೆ ಇಡಬೇಡಿ, ಬಾಂಬಿನಂತೆ ಒಡೆಯುತ್ತವೆ. ಶೆಡ್ಡಿನ ಎರಡು ಕಡೆಯಾದರೂ ತೆರೆದಿರಲಿ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ತಲೆ ಸುತ್ತುವಷ್ಟರಲ್ಲಿ ತಡವಾಗಿರುತ್ತದೆ. ಚಿತ್ರದುರ್ಗದ ಕಡೆಯ ಆಷಾಢದ ಗಾಳಿಯಲ್ಲಿ ಬಯಲಿನಲ್ಲಿ ಒಲೆ ಹೊತ್ತಿಸುವುದು ಬೇಡ. ಬಣವೆ, ಮೆಕ್ಕೆಜೋಳದ ದಂಟಿನ ರಾಶಿ ಹತ್ತಿರವಿದ್ದರೆ ಯಾವ ಕಾಲದಲ್ಲೂ ಬೇಡ. ಹತ್ತಿ ಬಟ್ಟೆ, ಕನ್ನಡಕ, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇಲ್ಲದೆ ಕಡ್ಡಿ ಗೀರಬೇಡಿ.

ಇಕ್ಕಳವನ್ನು ಹಳ್ಳಿಯ ಕಮ್ಮಾರರಿಂದಲೇ ಮಾಡಿಸಿ. ನಿಮ್ಮ ಸರಳಿನ ದಪ್ಪ ಹೇಳಿದರೆ ಬಾಯಿಯನ್ನು ಅದಕ್ಕೆ ಕೂಡುವಂತೆ ಮಾಡಿಕೊಡುತ್ತಾರೆ, ಅಂಗಡಿಯ ಇಕ್ಕಳ ಹಾಗೆ ಹಿಡಿಯುವುದಿಲ್ಲ. ಅವರ ಕುಲುಮೆಯ ಹತ್ತಿರ ಅರ್ಧ ದಿನ ನಿಂತು ನೋಡಲು ಅನುಮತಿ ಕೇಳಿ. ಅಡಿಗಲ್ಲಿಗೆ ರೈಲು ಕಂಬಿ ತುಂಡು ಒಳ್ಳೆಯದೇ. ಆದರೆ ಬಿಲ್ಲಿಲ್ಲದೆ ಗುಜರಿಯಲ್ಲಿ ಕೊಂಡರೆ 1966ರ ರೈಲ್ವೆ ಆಸ್ತಿ ಕಾಯ್ದೆಯಡಿ ಕೇಸು ಬೀಳಬಹುದು. ಬದಲಿಗೆ ಲಾರಿಯ ಹಳೇ ಆಕ್ಸಲ್ ತುಂಡನ್ನು ದಪ್ಪ ಮರದ ಕೊರಡಿನಲ್ಲಿ ನೆಟ್ಟಗೆ ಹುಗಿದು, ಮೇಲಿನ ಚಪ್ಪಟೆ ತಲೆ ಮುಷ್ಟಿಯ ಗೆಣ್ಣಿನ ಎತ್ತರಕ್ಕೆ ಬರುವಂತೆ ನಿಲ್ಲಿಸಿ. ಸುತ್ತಿಗೆ ಒಂದು ಕೆ.ಜಿ.ಯದು ಸಾಕು.