ಅಜ್ಜಿ ಊರಿನ ಲೈಬ್ರರಿಗೆ ಐದರಲ್ಲಿ ನಾಲ್ಕು ಸ್ಟಾರ್

ಇದು ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿ. ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಅಂತ ಬರೆದಿದೆ. ಊರಲ್ಲಿ ಮಾತ್ರ ಎಲ್ಲರೂ ಲೈಬ್ರರಿ ಅಂತಲೇ ಕರೆಯೋದು. ನನ್ನ ತವರೂರು. ಫೀಸು ಸೊನ್ನೆ.

ನಾನು ತುಮಕೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಮಕ್ಕಳಿಗೆ ಏಪ್ರಿಲ್ 11ರಿಂದ ರಜ. ನನಗೆ ಅದೇ ಮದುವೆ ಸೀಸನ್, ಮಿಷನ್ ಬಿಟ್ಟು ಏಳೋಕೆ ಆಗಲ್ಲ. ಅದಕ್ಕೇ ಈ ಸಲ ಇಬ್ಬರನ್ನೂ ಇಲ್ಲೇ ಸಿಟಿಯಲ್ಲಿ ಒಂದು ಬೇಸಿಗೆ ಶಿಬಿರಕ್ಕೆ ಸೇರಿಸಿದೆ. ಹೆಸರು ಬೇಡ ಬಿಡಿ. ಹದಿನೈದು ದಿನಕ್ಕೆ ಇಬ್ಬರಿಗೂ ಸೇರಿ 6,000 ರೂಪಾಯಿ. ಅದು ಎಷ್ಟು ಬ್ಲೌಸಿನ ಕೂಲಿ ಅಂತ ಲೆಕ್ಕ ಹಾಕಿದೆ. ಹಾಕಬಾರದಿತ್ತು. ಮೊದಲ ದಿನ ಪೇಪರ್ ತಟ್ಟೆಯಲ್ಲಿ ಸಿಂಹ ಮಾಡಿಸಿದರು. ಮಕ್ಕಳು ಕುಣಿದಾಡಿಕೊಂಡು ಬಂದರು. ನಾಲ್ಕನೇ ದಿನ ಪೇಪರ್ ತಟ್ಟೆಯಲ್ಲಿ ಮೀನು. ಒಂಬತ್ತನೇ ದಿನ ಪೇಪರ್ ತಟ್ಟೆಯಲ್ಲಿ ಸೂರ್ಯ. ಕೊನೆಗೆ ಟೋಪಿ, ಟೀ ಶರ್ಟು, ಒಂದು ಸರ್ಟಿಫಿಕೇಟು. ಅದರಲ್ಲಿ ಮಗನ ಹೆಸರು ತಪ್ಪು.

ಮಿಕ್ಕ ರಜಕ್ಕೆ ಇಬ್ಬರನ್ನೂ ಅಮ್ಮನ ಮನೆಗೆ ಬಿಟ್ಟೆ. ಶನಿವಾರ ಸಂಜೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದೆ. ಲೈಬ್ರರಿ ಗೊತ್ತಾಗಿದ್ದು ನಮ್ಮಣ್ಣನ ಮಗಳಿಂದ. ‘ಓದುವ ಬೆಳಕು’ ಅಂತ ಒಂದು ಕಾರ್ಯಕ್ರಮ 2020ರ ಮಕ್ಕಳ ದಿನಾಚರಣೆಗೆ ಶುರುವಾಯಿತಲ್ಲ, ಅದರಲ್ಲಿ 6ರಿಂದ 18 ವರ್ಷದವರಿಗೆ ಪಂಚಾಯಿತಿ ಲೈಬ್ರರಿ ಸದಸ್ಯತ್ವ ಫ್ರೀ. ಅವಳ ಹತ್ತಿರ ಕಾರ್ಡು ಇತ್ತು. ನಮ್ಮ ಮಕ್ಕಳೂ ಅದರ ಮೇಲೇ ಪುಸ್ತಕ ಮನೆಗೆ ತಂದರು.

ಒಂದೇ ದೊಡ್ಡ ರೂಮು. ಎರಡು ಉದ್ದದ ಟೇಬಲ್ಲು, ಕೇರಂ ಬೋರ್ಡು, ಚೆಸ್ಸು. ಲೈಬ್ರರಿ ನೋಡಿಕೊಳ್ಳುವ ಮೇಡಂ ಬಾಗಿಲಲ್ಲೇ ತಡೆದು, “ಹಲಸಿನಹಣ್ಣು ತಿಂದು ಬಂದೋರು ಕೈ ತೋರ್ಸಿ” ಅನ್ನುತ್ತಾರೆ. ನಮ್ಮ ತಾಲ್ಲೂಕಿನ ಚೇಳೂರು ಹಲಸಿನ ಸೀಮೆ ಅಲ್ವಾ, ಮೇ ತಿಂಗಳಲ್ಲಿ ಆ ಕಡೆ ಅಂಟಿಲ್ಲದ ಕೈಯೇ ಸಿಗೋದಿಲ್ಲ. ಅವರ ಟೇಬಲ್ ಮೇಲೆ ಕೊಬ್ಬರಿ ಎಣ್ಣೆ ಸೀಸೆ, ಒಂದು ಹಳೇ ಬಟ್ಟೆ ಇಟ್ಟಿರುತ್ತಾರೆ. ಎಣ್ಣೆ ತಿಕ್ಕಿ, ಕೈ ತೊಳೆದು, ಒರೆಸಿಕೊಂಡ ಮೇಲೇ ಪುಸ್ತಕ.

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಮಗ ಎರಡನೇ ಕ್ಲಾಸು ಮುಗಿಸಿದ್ದಾನೆ, ಇಂಗ್ಲಿಷ್ ಮೀಡಿಯಂ. ಕನ್ನಡ ಅಕ್ಷರ ಬರುತ್ತೆ, ಒತ್ತಕ್ಷರ ಬಂದ ಕಡೆ ಹಾರಿಸಿಬಿಡುತ್ತಾನೆ. ನಾನು ಬೈದರೆ ಅಳುತ್ತಾನೆ. ಅಲ್ಲಿ ಪೇಪರ್ ಓದೋಕೆ ಒಬ್ಬರು ತಾತ ಬರುತ್ತಾರೆ. ಅವತ್ತು ಕನ್ನಡಕ ಮರೆತು ಬಂದಿದ್ದರು. ಪೇಪರನ್ನು ಇವನ ಮುಂದೆ ತಳ್ಳಿದರು. “ತಿಪಟೂರಲ್ಲಿ ರೇಟು ಏನಾಗೈತೆ, ಓದು ನೋಡಾನ.”

ಇವನು ಬೆರಳಿಟ್ಟುಕೊಂಡು ಓದಿದ. “ಕೊ... ಬ... ರಿ. ಕೊಬರಿ.”

“ಕೊಬರಿ ಅಲ್ಲ ಕಣಪ್ಪ, ಕೊಬ್ಬರಿ. ನೀನು ಒತ್ತು ತೆಗೆದ್ರೆ ನಮ್ಮ ತೂಕ ಕಮ್ಮಿ ಆಯ್ತದೆ.”

ಮಗ ನಕ್ಕುಬಿಟ್ಟ. ಮತ್ತೆ ಓದಿದ, ‘ಬ್ಬ’ ಬಂದ ಕಡೆ ಬೇಕಂತಲೇ ಒತ್ತಿ. ಆಮೇಲೆ ಕ್ವಿಂಟಾಲಿನ ರೇಟು. ಐದಂಕಿ. ಅದನ್ನ ಇಂಗ್ಲಿಷಲ್ಲಿ ಹೇಳಿದ. “ನಂಗೆ ಅರ್ಥ ಆಗೋ ಹಂಗೆ ಹೇಳು” ಅಂದರು ತಾತ. ಕನ್ನಡದಲ್ಲಿ ಹೇಳೋಕೆ ಬೆರಳು ಮಡಿಸಿ, ಬಿಡಿಸಿ, ಐದು ನಿಮಿಷ ತಗೊಂಡ. ತಾತನಿಗೆ ಅರ್ಜೆಂಟೇ ಇರಲಿಲ್ಲ. ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಇವನು ದಿನಾ ಹೋಗಿ ರೇಟು ಓದಿ ಹೇಳುತ್ತಿದ್ದ. ತಾತ ಕನ್ನಡಕ ದಿನಾ ಮರೆಯುತ್ತಿದ್ದರಂತೆ. ಅವರ ಜೇಬಿನಲ್ಲಿ ಕನ್ನಡಕದ ಡಬ್ಬಿ ನಾನೇ ನೋಡಿದೆ, ಸುಮ್ನೆ ಇದ್ದೆ.

ಮಕ್ಕಳ ಪುಸ್ತಕ ಕೆಳಗಿನ ಒಂದು ಕಪಾಟಿನಲ್ಲಿದೆ. ಪ್ರಥಮ್ ಬುಕ್ಸ್‌ನವರ ತೆಳು ಚಿತ್ರದ ಪುಸ್ತಕಗಳೇ ಜಾಸ್ತಿ. ಹಿಂಭಾಗದಲ್ಲಿ 1ರಿಂದ 4ರವರೆಗೆ ಹಂತ ಹಾಕಿರುತ್ತಾರೆ. ಮಗನಿಗೆ ವಯಸ್ಸು ನೋಡದೆ 1ನೇ ಹಂತ ಕೊಟ್ಟರು ಮೇಡಂ. ಒಂದು ಪುಟಕ್ಕೆ ಒಂದೆರಡು ಸಾಲು, ಹೆದರಿಕೆ ಆಗಲಿಲ್ಲ. ಊರಿಂದ ಬರುವಾಗ 2ನೇ ಹಂತದಲ್ಲಿದ್ದ. ಅದೇ ಪ್ರಕಾಶನದ ಸ್ಟೋರಿವೀವರ್ ಅಂತ ವೆಬ್‌ಸೈಟಿದೆ, ಅದರಲ್ಲೂ ಕನ್ನಡ ಕಥೆಗಳು ಫ್ರೀ. ತುಮಕೂರಿಗೆ ಬಂದ ಮೇಲೆ ಫೋನಲ್ಲಿ ತೋರಿಸಿದೆ. ಎರಡು ಕಥೆ ಓದಿ ಮೂರನೆಯದಕ್ಕೆ ಗೇಮ್ ಹಾಕಿಕೊಂಡ. ಪುಸ್ತಕ ಕೈಯಲ್ಲಿದ್ದರೆ ಆ ತೊಂದರೆ ಇಲ್ಲ.

ಮಗಳ ವಿಷಯಕ್ಕೆ ಒಂದು ಸ್ಟಾರ್ ಕಟ್. ಅವಳು ಈಗ ಆರನೇ ಕ್ಲಾಸಿಗೆ ಹೋಗುತ್ತಾಳೆ. ಅವಳಿಗೆ ಬೇಕಾದ ಪುಸ್ತಕ ಹತ್ತು ದಿನಕ್ಕೆ ಮುಗಿದುಹೋಯಿತು. ಚಿಕ್ಕವರ ಚಿತ್ರದ ಪುಸ್ತಕ ಬಿಟ್ಟರೆ ಮೇಲಿನ ಕಪಾಟೆಲ್ಲ ಕೆಎಎಸ್, ಎಫ್‌ಡಿಎ, ಪೊಲೀಸ್ ಪರೀಕ್ಷೆಯ ದಪ್ಪ ಪುಸ್ತಕಗಳೇ. ಹತ್ತು ಹನ್ನೆರಡು ವರ್ಷದವರು ಮಧ್ಯದಲ್ಲಿ ಎಲ್ಲೂ ಇಲ್ಲ. ಆಮೇಲೆ ಅವಳು ಚಿಕ್ಕವರಿಗೆ ಚೆಸ್ ಹೇಳಿಕೊಡುತ್ತಾ ಕೂತಳು. ಅದೂ ಬೇಜಾರಾಗಿ ಕೊನೇ ವಾರ ಹೋಗಲೇ ಇಲ್ಲ. ಕಂಪ್ಯೂಟರ್ ಇದೆ, ಮೇಲೆ ಬಟ್ಟೆ ಹೊದಿಸಿದೆ. ಆನ್ ಆಗಿದ್ದು ನಾನು ನೋಡಲಿಲ್ಲ. ಮಧ್ಯಾಹ್ನ ಕರೆಂಟ್ ಹೋದರೆ ಫ್ಯಾನ್ ನಿಂತು ರೂಮು ಕಾದ ಹಂಚಿನ ಹಾಗಾಗುತ್ತೆ.

ಮಕ್ಕಳನ್ನ ಊರಿಗೆ ಕಳಿಸುವವರು ಅಲ್ಲಿನ ಪಂಚಾಯಿತಿ ಲೈಬ್ರರಿ ಹೇಗಿದೆ ಅಂತ ಒಂದು ಸಲ ವಿಚಾರಿಸಿ. ಬೆಳಿಗ್ಗೆ ಹೊತ್ತು ಕಳಿಸಿ, ನೀರಿನ ಬಾಟಲಿ ಕೊಟ್ಟು ಕಳಿಸಿ. ಸೋಮವಾರ ಮಾತ್ರ ಕೇಳಿಕೊಂಡು ಹೋಗಿ. ನಾವು ಉರಿಬಿಸಿಲಲ್ಲಿ ಮೂರು ಮಕ್ಕಳನ್ನ ಕಟ್ಟಿಕೊಂಡು ಹೋದರೆ ಬಾಗಿಲಿಗೆ ಬೀಗ. ತಾತನೂ ಕಟ್ಟೆ ಮೇಲೆ ಕೂತಿದ್ದರು, ವಾರ ಮರೆತು ಬಂದಿದ್ದರಂತೆ.