ಎರ್ಟಿಗಾದಲ್ಲಿ ಬೆಂಗಳೂರಿನಿಂದ ಕಾರವಾರ: ಆರು ಜನಕ್ಕೆ ಸೈ, ಏಳಕ್ಕೆ ಬೇಡ

ಮಾರುತಿ ಎರ್ಟಿಗಾ ಬುಕ್ ಮಾಡುವ ಮನೆಗಳಲ್ಲಿ ಲೆಕ್ಕ ಹೆಚ್ಚುಕಡಿಮೆ ಒಂದೇ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಅಜ್ಜ ಅಜ್ಜಿ. ವರ್ಷಕ್ಕೆರಡು ಸಲ ದೂರದ ಪ್ರಯಾಣ, ಅದರಲ್ಲೊಂದು ಕರಾವಳಿಗೆ. ಶೋರೂಮಿನಲ್ಲಿ ಮೂರನೇ ಸಾಲಿನಲ್ಲಿ ಎರಡು ನಿಮಿಷ ಕೂತು ಎದ್ದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗಾಡಿಯ ನಿಜವಾದ ಗುಣ ತಿಳಿಯುವುದು ಶಿರಾಡಿ ಘಾಟಿಯಲ್ಲಿ, ಅದೂ ಡಿಕ್ಕಿ ತುಂಬಾ ಸಾಮಾನು ಹೇರಿದ ಮೇಲೆ. ಬೆಂಗಳೂರು, ಹಾಸನ, ಸಕಲೇಶಪುರ, ಮಂಗಳೂರು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕಾರವಾರ: ಸುಮಾರು 620 ಕಿ.ಮೀ. ದಾರಿಯಲ್ಲಿ ಈ ಗಾಡಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಮಾತು 2022ರ ಏಪ್ರಿಲ್ ನಂತರ ಬಂದ 1462 ಸಿಸಿ ಪೆಟ್ರೋಲ್, 5 ಗೇರಿನ ಮ್ಯಾನುಯಲ್ ಗಾಡಿಯದ್ದು. ಆಟೋಮ್ಯಾಟಿಕ್ ಮತ್ತು ಸಿಎನ್‌ಜಿ ಬಗ್ಗೆ ಕೊನೆಯಲ್ಲಿ ಹೇಳಿದೆ.

ಮೊದಲು ಡಿಕ್ಕಿ. ಮೂರೂ ಸಾಲು ಎತ್ತಿಟ್ಟಾಗ ಉಳಿಯುವುದು 209 ಲೀಟರ್ ಜಾಗ. ಎತ್ತರ ಇದೆ, ಆಳ ಇಲ್ಲ. ವಿಮಾನದೊಳಗೆ ಒಯ್ಯುವಂಥ ಎರಡು ಚಿಕ್ಕ ಟ್ರಾಲಿ ನಿಲ್ಲಿಸಿ, ಮೇಲೆ ಎರಡು ಮೆತ್ತನೆ ಬ್ಯಾಗ್ ಒತ್ತಿದರೆ ಮುಗಿಯಿತು. ಏಳು ಜನರ ನಾಲ್ಕು ದಿನದ ಬಟ್ಟೆ ಅದರಲ್ಲಿ ಹಿಡಿಸುವುದಿಲ್ಲ. ಆಗ ಜನ ಮಾಡುವ ಕೆಲಸ ಕಾಲ ಬುಡದಲ್ಲಿ ಬ್ಯಾಗ್ ತುರುಕುವುದು, ಇಲ್ಲವೇ ಮೇಲೆ ಕ್ಯಾರಿಯರ್ ಹಾಕಿಸುವುದು. ಕಾಲ ಬುಡದ ಬ್ಯಾಗಿನಿಂದ ಹಿರಿಯರ ಮೊಣಕಾಲು ಹಿಡಿದುಕೊಳ್ಳುತ್ತದೆ. ಕ್ಯಾರಿಯರ್ ಮೇಲಿನ ಭಾರ ತಿರುವುಗಳಲ್ಲಿ ಗಾಡಿಯನ್ನು ಹೊಯ್ದಾಡಿಸುತ್ತದೆ, ಗಾಳಿಗೆ ಎದುರಾಗಿ ಮೈಲೇಜೂ ಇಳಿಯುತ್ತದೆ.

ಆರು ಜನರಾದರೆ ಚಿತ್ರವೇ ಬೇರೆ. ಮೂರನೇ ಸಾಲು ಅರ್ಧರ್ಧ ಮಡಚಲು ಬರುತ್ತದೆ. ಬಲಗಡೆಯ ಸೀಟು ಮಡಚಿ, ಎಡಗಡೆಯದರಲ್ಲಿ ಆರನೆಯವರನ್ನು ಕೂರಿಸಿ. ಮಗುವಿನ ಸೀಟಿದ್ದರೆ ಅದನ್ನು ಎರಡನೇ ಸಾಲಿನಲ್ಲಿ ಡ್ರೈವರ್ ಹಿಂದೆ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ. ಹೀಗೆ ಮಾಡಿದರೆ ಎಡಬಾಗಿಲ ಕಡೆಯ ಸೀಟನ್ನು ಮುಂದಕ್ಕೆ ಸರಿಸಿ ಹಿಂದಿನವರು ಹತ್ತಿಳಿಯಲು ದಾರಿ ಬಿಡುವಾಗಿರುತ್ತದೆ. ಮಗುವಿನ ಸೀಟನ್ನು ಎಡಕ್ಕೆ ಹಾಕಿದರೆ ಪ್ರತಿ ಸಲ ಟೀ ಕುಡಿಯಲು ನಿಂತಾಗಲೂ ಅದನ್ನು ಬಿಚ್ಚಬೇಕಾಗುತ್ತದೆ. ಸಾಮಾನನ್ನು ಹಿಂದಿನಿಂದಲೇ ಹೇರಿ: ಭಾರದ ಬ್ಯಾಗ್ ಕೆಳಗೆ, ಎರಡನೇ ಸಾಲಿನ ಬೆನ್ನಿಗೆ ಒತ್ತಿಕೊಂಡಂತೆ, ಹಗುರದ್ದು ಮೇಲೆ. ಕಿಟಕಿಯ ಅಂಚಿಗಿಂತ ಎತ್ತರ ಹೋಗಕೂಡದು, ಹಿಂದಿನ ಗಾಜು ಮುಚ್ಚಿದರೆ ಕನ್ನಡಿಯಲ್ಲಿ ಏನೂ ಕಾಣದು. ಒಂದು ಹಗ್ಗದಿಂದ ಬಿಗಿಯುವುದನ್ನು ಮರೆಯಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಸಡಿಲ ಬ್ಯಾಗ್ ನೇರ ಮುಂದಿನವರ ತಲೆಗೆ ಬರುತ್ತದೆ.

ಎರಡನೇ ಸಾಲಿಗೆ ಪೂರ್ತಿ ಅಂಕ ಕೊಡಬೇಕು. 2740 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಇರುವುದರಿಂದ ಕಾಲು ಚಾಚಲು ಜಾಗವಿದೆ, ಬೆನ್ನು ಒರಗಿಸಬಹುದು, ನೆಲ ತಗ್ಗಿರುವುದರಿಂದ ಸೀರೆಯುಟ್ಟ ಅಜ್ಜಿಯೂ ಮೆಟ್ಟಿಲ ಹಂಗಿಲ್ಲದೆ ಹತ್ತುತ್ತಾರೆ. ಹಿಂದಿನ ಸಾಲಿನ ಎಸಿ ಮೇ ತಿಂಗಳ ಕುಂದಾಪುರದಲ್ಲೂ ತಂಪು ಕೊಡುತ್ತದೆ. ಮುಂದಿನ ಕಪ್ ಹೋಲ್ಡರಿಗೂ ಎಸಿ ಗಾಳಿ ಬರುತ್ತದೆ, ನೀರಿನ ಬಾಟಲಿ ತಣ್ಣಗಿರುತ್ತದೆ. ಚಿಕ್ಕ ಸಂಗತಿ, ಆದರೆ ಕರಾವಳಿಯ ಸೆಕೆಯಲ್ಲಿ ತುಂಬಾ ಉಪಯೋಗ.

ಮೂರನೇ ಸಾಲು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ, ಇಲ್ಲವೇ ಸಣ್ಣ ಆಳ್ತನದವರಿಗೆ. ಸೀಟು ತಗ್ಗು, ಮೊಣಕಾಲು ಎದೆಗೆ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ವಾಂತಿಯ ಸಮಸ್ಯೆ. ಹಿಂದಿನ ಚಕ್ರಗಳ ಮೇಲೆಯೇ ಕೂತಿರುವುದರಿಂದ ಪ್ರತಿ ಹೊಂಡದ ಏಟು ನೇರ ಸಿಗುತ್ತದೆ, ಮುಂದಿನ ರಸ್ತೆ ಕಣ್ಣಿಗೆ ಬೀಳುವುದಿಲ್ಲ. ಕಿವಿಗೆ ತಿರುವು ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಟ್ಟೆ ತೊಳಸುವುದು ಅದಕ್ಕೇ. ಘಾಟಿಯಲ್ಲಿ ಹೊಟ್ಟೆ ತೊಳಸುವವರನ್ನು ಸಕಲೇಶಪುರದಲ್ಲೇ ಮುಂದಿನ ಸೀಟಿಗೆ ಬದಲಾಯಿಸಿ. ಅಲ್ಲಿ ಹೊಟ್ಟೆ ತುಂಬಾ ಪೂರಿ ಸಾಗು ತಿಂದು ಘಾಟಿ ಇಳಿಯುವುದು ಬೇಡ, ಎರಡು ಇಡ್ಲಿ ಸಾಕು. ಮೊಬೈಲ್ ಕೈಯಿಂದ ಇಳಿಸಿ.

ಇನ್ನು ಘಾಟಿ. ಎಂಜಿನ್ನಿನ ಶಕ್ತಿ 103 ಪಿಎಸ್, ಎಳೆತ (ಟಾರ್ಕ್) 136.8 ಎನ್‌ಎಂ. ಆ ಎಳೆತ ಪೂರ್ತಿ ಸಿಗುವುದು 4400 ಆರ್‌ಪಿಎಂನಲ್ಲಿ, ಎಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಅಂದರೆ ಡೀಸೆಲ್ ಗಾಡಿ ಓಡಿಸಿದವರ ಅಭ್ಯಾಸದಂತೆ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ತುಳಿದರೆ ಗಾಡಿ ಮೇಲೆ ಏರುವುದಿಲ್ಲ. ಸುಮಾರು 1200 ಕಿಲೋ ಗಾಡಿಯ ಮೇಲೆ ಆರು ಜನ ಮತ್ತು ಸಾಮಾನಿನ 450 ಕಿಲೋ ಬಿದ್ದಿರುತ್ತದೆ. ವಾಪಸ್ ಬರುವಾಗ ಗುಂಡ್ಯ ದಾಟಿ ಏರುವಲ್ಲಿ ಮೂರನೇ ಗೇರು, ಕಡಿದಾದ ತಿರುವಿನಲ್ಲಿ ಎರಡನೆಯದು. ಎಂಜಿನ್ 2500ರಿಂದ 4000ದೊಳಗೆ ತಿರುಗುತ್ತಿರಲಿ, ಸದ್ದಿಗೆ ಹೆದರಬೇಡಿ. ಟ್ಯಾಂಕರ್ ಹಿಂದೆ ಸಿಕ್ಕಿಬಿದ್ದಾಗ ಓವರ್‌ಟೇಕ್ ಮಾಡುವುದಾದರೆ ಮೊದಲು ಗೇರ್ ಇಳಿಸಿ, ಆಮೇಲೆ ಹೊರಕ್ಕೆ ಬನ್ನಿ. ಹೊರಕ್ಕೆ ಬಂದು ಗೇರ್ ಇಳಿಸಲು ಹೋದರೆ ಎದುರಿನ ಬಸ್ಸು ಮುಂದೆ ಬಂದಿರುತ್ತದೆ.

ಇಳಿಯುವಾಗಿನ ತಪ್ಪು ಇನ್ನೂ ದುಬಾರಿ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್. ನಾಲ್ಕನೇ ಗೇರಿನಲ್ಲಿ ಉರುಳುತ್ತಾ ಬ್ರೇಕ್ ಒತ್ತಿಕೊಂಡೇ ಬಂದರೆ ಪ್ಯಾಡ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಪೆಡಲ್ ಕೆಳಗಿಳಿಯತೊಡಗುತ್ತದೆ. ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುವುದರಿಂದ ಕಾದಾಗ ಒಳಗೆ ಆವಿಗುಳ್ಳೆ ಏಳುತ್ತದೆ. ಗುಳ್ಳೆ ಅದುಮಿಕೊಳ್ಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ, ಇಳಿಜಾರಿಗೆ ಎರಡನೇ ಗೇರ್ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆಯಲಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಬಿಡಿ, ಒತ್ತಿ ಬಿಡಿ. ಕಾಲು ಇಟ್ಟುಕೊಂಡೇ ಇರಬೇಡಿ. ನ್ಯೂಟ್ರಲ್ ಮಾತ್ರ ಯಾವ ಕಾರಣಕ್ಕೂ ಬೇಡ. ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಇದು ನಿಯಮವೂ ಹೌದು.

ಘಾಟಿಯಲ್ಲಿ ಟ್ರಾಫಿಕ್ ಜಾಮ್ ಆದರೆ ಅರ್ಧ ಕ್ಲಚ್‌ನಲ್ಲಿ ಗಾಡಿ ತಡೆದು ನಿಲ್ಲಿಸಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಾಗೆ ತಡೆದು ಹತ್ತು ನಿಮಿಷ ಕಳೆದರೆ ಕ್ಲಚ್ ಪ್ಲೇಟ್ ಸುಡತೊಡಗುತ್ತದೆ. ನಿಂತಾಗ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯವನ್ನೂ ಸ್ವಿಚ್ ಒತ್ತಿ ನಿಲ್ಲಿಸಿಬಿಡಿ. ಎಂಜಿನ್ ನಿಂತರೆ ಎಸಿ ಕಂಪ್ರೆಸರ್ ಕೂಡ ನಿಲ್ಲುತ್ತದೆ, ಹಿಂದಿನ ಸೀಟಿನ ಮಕ್ಕಳಿಗೆ ಬರೀ ಬಿಸಿಗಾಳಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದು ಇದೆ. ಹೊರಡುವ ಹಿಂದಿನ ರಾತ್ರಿ ಸುದ್ದಿ ನೋಡಿ, ಚಾರ್ಮಾಡಿ ಅಥವಾ ಮಡಿಕೇರಿ ಮೇಲಿನ ಸಂಪಾಜೆ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಚಾರ್ಮಾಡಿಯ ತಿರುವುಗಳು ಇನ್ನೂ ಬಿಗಿ. ಅಲ್ಲಿ 5.2 ಮೀಟರ್ ತಿರುಗುವ ತ್ರಿಜ್ಯದ ಈ ಗಾಡಿ ಸಲೀಸು.

ಮಂಗಳೂರಿನಿಂದ ಮುಂದೆ ಎರ್ಟಿಗಾ ತನ್ನ ಮನೆಗೆ ಬಂದ ಹಾಗೆ. ಕಾರವಾರದವರೆಗಿನ ಸುಮಾರು 270 ಕಿ.ಮೀ. ಹೆಚ್ಚಾಗಿ ನಾಲ್ಕು ಪಥ, 80–90ರ ವೇಗದಲ್ಲಿ ಎಂಜಿನ್ ನೆಮ್ಮದಿಯಾಗಿರುತ್ತದೆ. 100 ದಾಟಿದರೆ ಐದನೇ ಗೇರಿನಲ್ಲೂ 3000 ಆರ್‌ಪಿಎಂ ಆಸುಪಾಸು. ಆರನೇ ಗೇರ್ ಇಲ್ಲದ ಕೊರತೆ ಕಿವಿಗೆ ಕೇಳಿಸುತ್ತದೆ. ಕಂಪನಿ ಹೇಳುವ ಮೈಲೇಜ್ 20.51. ಆರು ಜನ, ಎಸಿ, ಘಾಟಿ ಎಲ್ಲ ಸೇರಿ 16 ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. 45 ಲೀಟರ್ ಟ್ಯಾಂಕಿಗೆ 700 ಕಿ.ಮೀ. ಬರಬೇಕಾದರೂ, ಕೊನೆಯ ಹನಿಯವರೆಗೆ ಓಡಿಸದೆ ಮಂಗಳೂರಿನಲ್ಲೇ ಮತ್ತೆ ತುಂಬಿಸಿಕೊಳ್ಳಿ. ಟೋಲ್ ಹೆಜಮಾಡಿ, ಸಾಸ್ತಾನ, ಬೈಂದೂರಿನ ಶಿರೂರು, ಹೊಳೆಗದ್ದೆ, ಹಟ್ಟಿಕೇರಿ ಎಂದು ಸಾಲಾಗಿ ಬರುತ್ತದೆ. 2025ರ ಆಗಸ್ಟ್ 15ರಂದು 3000 ರೂಪಾಯಿ ದರದಲ್ಲಿ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಒಂದು ವರ್ಷಕ್ಕೆ ಅಥವಾ 200 ಟ್ರಿಪ್ಪಿಗೆ, ಯಾವುದು ಮೊದಲೋ ಅದು. ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಹೋಗುವವರಿಗೆ ಲಾಭ, ಒಂದೇ ಸಲದ ಪ್ರವಾಸಕ್ಕೆ ಬೇಕಿಲ್ಲ.

ಮರವಂತೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಉತ್ತರಕ್ಕೆ ಹೋಗುವಾಗ ನೀವು ಕಡಲ ಪಕ್ಕದ ಪಥದಲ್ಲಿರುತ್ತೀರಿ, ವಾಪಸ್ಸಿಗೆ ಹೊಳೆಯ ಪಕ್ಕದಲ್ಲಿ. ಕಡಲಿಗೆ ನಿಲ್ಲುವುದಾದರೆ ಹೋಗುವಾಗಲೇ ನಿಲ್ಲಿ, ನಾಲ್ಕು ಪಥ ದಾಟಿಕೊಂಡು ಮಕ್ಕಳನ್ನು ಓಡಿಸುವ ಅಪಾಯ ಇರುವುದಿಲ್ಲ. ಗಾಡಿಯನ್ನು ಬಿಳಿ ಗೆರೆಯಿಂದ ಪೂರ್ತಿ ಆಚೆ ನಿಲ್ಲಿಸಿ, ಮಕ್ಕಳು ಎಡಬಾಗಿಲಿನಿಂದ ಮಾತ್ರ ಇಳಿಯಲಿ. ಮರಳಿಗೆ ಮಾತ್ರ ಚಕ್ರ ಇಳಿಸಬೇಡಿ. ಮುಂದಿನ ಚಕ್ರ ತಿರುಗುವ ಗಾಡಿ, ಭಾರವೆಲ್ಲ ಹಿಂದೆ. ಚಕ್ರ ಸುತ್ತಿದಷ್ಟೂ ಹೂತುಕೊಳ್ಳುತ್ತದೆ. ಸಿಕ್ಕಿಬಿದ್ದರೆ ಆಕ್ಸಿಲರೇಟರ್ ಬಿಡಿ, ಎಲ್ಲರನ್ನೂ ಇಳಿಸಿ, ಚಕ್ರದ ಮುಂದಿನ ಮರಳು ಕೆದಕಿ, ಫ್ಲೋರ್ ಮ್ಯಾಟ್ ಹಾಸಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಎತ್ತಿ.

ಮಳೆಗಾಲದಲ್ಲಿ ಈ ದಾರಿಯಷ್ಟು ಚೆಲುವಾದದ್ದು ಬೇರೆ ಸಿಗುವುದು ಕಷ್ಟ. ಅಷ್ಟೇ ಎಚ್ಚರವೂ ಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆಯೇ ಬಿತ್ತು, ರಸ್ತೆಬದಿಯ ಚಹಾ ಅಂಗಡಿಯೇ ಕೊಚ್ಚಿಹೋಯಿತು. ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಟೀಗೂ ನಿಲ್ಲಬೇಡಿ, ಫೋಟೋಗೂ ನಿಲ್ಲಬೇಡಿ. 185/65 ಆರ್15 ಟೈರ್ ಈ ತೂಕಕ್ಕೆ ಸಪೂರ. ಟೈರಿನ ಮೇಲಿನ ಗೀರುಗಳ ಆಳ 3 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ, ಕಾನೂನಿಗೆ 1.6 ಸಾಕಾದರೂ, ಮಳೆಗೆ ಹೊರಡುವ ಮೊದಲು ಬದಲಾಯಿಸಿ. ನಿಂತ ನೀರಿನ ಮೇಲೆ ಸ್ಟೇರಿಂಗ್ ಹಗುರವಾದಂತೆ ಅನ್ನಿಸಿದರೆ ಟೈರ್ ತೇಲುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ, ಬ್ರೇಕ್ ಬೇಡ. ಗಾಜು ಮಂಜಾದಾಗ ವೈಪರ್ ಒಮ್ಮೆ ಹಾಕಿ ನೋಡಿ. ಅಳಿಸಿದರೆ ಮಂಜು ಹೊರಗಿನದು, ಎಸಿ ವಿಪರೀತ ತಣ್ಣಗಿದೆ, ಸ್ವಲ್ಪ ಕಡಿಮೆ ಮಾಡಿ. ಅಳಿಸದಿದ್ದರೆ ಒಳಗಿನದು, ಎಸಿ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಬರಲು ಬಿಡಿ.

ಟೈರಿನ ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಹಿಡಿಸಿ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ತುಂಬಿದ ಗಾಡಿಗೆ ಎಷ್ಟು ಎಂದು ಬರೆದದ್ದನ್ನೇ ಅನುಸರಿಸಿ. ಓಡಿ ಬಿಸಿಯಾದ ಟೈರಿನಲ್ಲಿ ಜಾಸ್ತಿ ತೋರಿಸಿತೆಂದು ಗಾಳಿ ಬಿಡಿಸಬೇಡಿ. ಸ್ಟೆಪ್ನಿ ಡಿಕ್ಕಿಯಲ್ಲಿಲ್ಲ, ಗಾಡಿಯ ಹೊಟ್ಟೆಯ ಕೆಳಗೆ ಹೊರಗೆ ನೇತಾಡುತ್ತದೆ. ಅದರಿಂದ ಡಿಕ್ಕಿ ಉಳಿಯಿತು, ನಿಜ. ಆದರೆ ಕೆಸರು, ಉಪ್ಪುಗಾಳಿ ತಗುಲಿ ಹಿಡಿದಿಟ್ಟ ಬೋಲ್ಟ್ ತುಕ್ಕು ಹಿಡಿಯುತ್ತದೆ. ಪಂಚರ್ ಆದ ರಾತ್ರಿ ಅದು ಕದಲದಿದ್ದರೆ ಪಾನಾ ಇದ್ದೂ ಪ್ರಯೋಜನವಿಲ್ಲ. ಹೊರಡುವ ವಾರ ಮೊದಲೇ ಒಮ್ಮೆ ಸ್ಟೆಪ್ನಿ ಇಳಿಸಿ, ಗಾಳಿ ನೋಡಿ, ಮತ್ತೆ ಏರಿಸಿ.

ಸುರಕ್ಷತೆಯ ಮಾತು ಮುಚ್ಚಿಡಬಾರದು. ಕಾರುಗಳ ಅಪಘಾತ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2024ರ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಎರ್ಟಿಗಾಗೆ ದೊಡ್ಡವರ ರಕ್ಷಣೆಗೆ 1 ಸ್ಟಾರ್, ಮಕ್ಕಳ ರಕ್ಷಣೆಗೆ 2 ಸ್ಟಾರ್ ಸಿಕ್ಕಿತು. 2025ರಲ್ಲಿ ಎಲ್ಲ ಮಾದರಿಗೂ 6 ಏರ್‌ಬ್ಯಾಗ್ ಬಂದಿವೆ. ಹೊಸದು ಕೊಳ್ಳುವವರು ಅದನ್ನೇ ಕೊಳ್ಳಿ. ಹಳೆಯದು ಇರುವವರು ಮೂರೂ ಸಾಲಿನವರಿಗೆ ಬೆಲ್ಟ್ ಹಾಕಿಸದೆ ಗಾಡಿ ಕದಲಿಸಬೇಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ.

6 ಗೇರಿನ ಆಟೋಮ್ಯಾಟಿಕ್ ಹೆದ್ದಾರಿಯಲ್ಲಿ ಇನ್ನೂ ನಿಶ್ಶಬ್ದ, ಜಾಮಿನಲ್ಲಿ ಕಾಲಿಗೆ ಸುಖ. ಘಾಟಿ ಇಳಿಯುವಾಗ ಸ್ಟೇರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಎರಡನೇ ಗೇರಿನಲ್ಲಿ ಹಿಡಿದಿಟ್ಟುಕೊಳ್ಳಿ. ಸಿಎನ್‌ಜಿ ಗಾಡಿ ಕಿಲೋಗೆ 26.11 ಕಿ.ಮೀ. ಎನ್ನುತ್ತದೆ. ಆದರೆ 60 ಲೀಟರ್ ಸಿಲಿಂಡರ್ ಡಿಕ್ಕಿಯನ್ನು ನುಂಗಿಬಿಟ್ಟಿರುತ್ತದೆ, ಎಳೆತವೂ 121.5 ಎನ್‌ಎಂಗೆ ಇಳಿಯುತ್ತದೆ. ಈ ಪ್ರವಾಸಕ್ಕೆ ಅದು ಬೇಡ. ಮನೆಯಲ್ಲಿ ಆರೇ ಜನ ಎಂದು ಖಚಿತವಿದ್ದರೆ ಇದೇ ಎಂಜಿನ್ನಿನ ಮಾರುತಿ ಎಕ್ಸ್‌ಎಲ್6 ನೋಡಿ: ನಡುವಿನ ಸಾಲಿನಲ್ಲಿ ಎರಡು ಬಿಡಿ ಸೀಟು, ನಡುವೆ ನಡೆದು ಹಿಂದಕ್ಕೆ ಹೋಗಬಹುದು, 16 ಇಂಚಿನ ಅಗಲ ಟೈರ್.

ಊರಿಗೆ ಮರಳಿದ ವಾರದೊಳಗೆ ಗಾಡಿಯ ಅಡಿಭಾಗವನ್ನು ಬರೀ ಸಿಹಿನೀರಿನಿಂದ ಜೋರಾಗಿ ತೊಳೆಸಿ, ಆಮೇಲೆ ಸ್ಟೆಪ್ನಿಯ ಬೋಲ್ಟಿಗೆ ಗ್ರೀಸ್ ಹಚ್ಚಿ.